ಜೀವನು ಶಿವನಾಗುವ ಬಗೆ: ಹರದನಹಳ್ಳಿಯ ಸಿದ್ಧಲಿಂಗರನ್ನು ಮುಂದಿಟ್ಟುಕೊಂಡು ಒಂದು ವಿಚಾರ

೧

ಜೀವನು ಶಿವನಾಗುವನೆಂಬ ಮಾತು ವೀರಶೈವ ಸಾಹಿತ್ಯವನ್ನು ಬಲ್ಲವರಿಗೆ ಹೊಸದಲ್ಲ. ಅಂಗವು ಲಿಂಗವಾಗುವುದು, ಭಕ್ತನು ಐಕ್ಯನಾಗುವುದು, ನರನು ಹರನಾಗುವುದು ಎಂದು ನಾನಾ ಪರಿಯಲ್ಲಿ ಈ ಒಂದೇ ಮಾತು ಶಾಸ್ತ್ರಗ್ರಂಥಗಳಲ್ಲಿಯೂ ವಚನಗಳಲ್ಲಿಯೂ ಪುರಾಣಗಳಲ್ಲಿಯೂ ಹಳ್ಳಿಯ ಹಾಡುಗಳಲ್ಲಿಯೂ ಬಂದಿದೆ. ಅತಿ ಪರಿಚಿತವಾದ ಮಾತನ್ನು ಕೇಳಿದೊಡನೆ ನಾವು ತಲೆದೂಗುತ್ತೇವೆಯೇ ಹೊರತು ಅದರ ಅರ್ಥವೇನೆಂದು ವಿಚಾರಿಸುವುದಿಲ್ಲ. ಮನುಷ್ಯನು ದೇವರಾದನೆಂದು ಹೇಳುವವರು ಯಾರು? ಆದವನೇ ಹೇಳುವನೆ? ಕಂಡವರು ಹೇಳುವರೆ? ಹಾಗೆ ಆದಾಗ ಅಳಿದುದು ಯಾವುದು, ಉಳಿದುದು ಯಾವುದು? ಈ ಪ್ರಶ್ನೆಗಳನ್ನು ಹಿಡಿದು ಕೆಲವು ಕೃತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಚಾಮರಾಜನಗರದ ಸೀಮೆಯಷ್ಟು ತಕ್ಕ ನೆಲ ದೊರೆಯುವುದು ವಿರಳ. ೧೯೯೭ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಈ ಸಣ್ಣ ಜಿಲ್ಲೆಯಲ್ಲಿ ಮನುಷ್ಯನು ದೇವರಾದ ಕಥೆ ಹಲವು ರೂಪಗಳಲ್ಲಿ ನೆಲೆಗೊಂಡಿದೆ. ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯು ತೋಂಟದ ಸಿದ್ಧಲಿಂಗ ಯತಿಗಳ ಹುಟ್ಟೂರು. ಅಲ್ಲಿಯ ಗೋಸಲ ಪೀಠದ ಚೆನ್ನಬಸವೇಶ್ವರರೇ ಅವರ ಗುರುಗಳು. ಚಿಲಕವಾಡಿಯ ಬಳಿಯ ಶಂಭುಲಿಂಗನ ಬೆಟ್ಟವು ನಿಜಗುಣ ಶಿವಯೋಗಿಗಳ ತಪೋಭೂಮಿ. ಮೂಡಣ ಎಪ್ಪತ್ತೇಳು ಮಲೆಗಳಲ್ಲಿ ಮಾದೇಶ್ವರರು ನೆಲೆಸಿದ್ದಾರೆ. ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಗದ್ದುಗೆಯಿದೆ. ಪಡುವಣ ತೆರಕಣಾಂಬಿ, ಗುಂಡ್ಲುಪೇಟೆಗಳ ಹಳ್ಳಿಗಳಲ್ಲಿ ದೇವರಗುಡ್ಡರ ಕಂಸಾಳೆಯೂ ನೀಲಗಾರರ ತಂಬೂರಿಯೂ ಜನರಿಗೆ ಇಂದಿಗೂ ಪರಿಚಿತವಾದವು. ಶಾಸ್ತ್ರವನ್ನೋದಿದ ವಿರಕ್ತರೂ ಅಕ್ಷರವನ್ನರಿಯದ ಹಾಡುಗಾರರೂ ಒಂದೇ ಸೀಮೆಯಲ್ಲಿ, ತಮ್ಮ ತಮ್ಮ ಭಾಷೆಯಲ್ಲಿ, ಒಂದೇ ವಿಷಯವನ್ನು ಕುರಿತು ನುಡಿದಿದ್ದಾರೆ.

ಇಷ್ಟಿದ್ದೂ ಈ ವಿಷಯವನ್ನು ನಾವು ಗ್ರಹಿಸುವ ರೀತಿಯಲ್ಲಿ ಎರಡು ಕೊರತೆಗಳು ಕಾಣುತ್ತವೆ. ಭಕ್ತರಾದವರು ಶಿವಯೋಗಿಗಳ ಪವಾಡಗಳನ್ನು ಮನಸಾರೆ ಕೊಂಡಾಡುತ್ತಾರೆ, ಅವರ ವಚನಗಳನ್ನು ಓದುವುದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ವಚನಗಳನ್ನು ಓದುತ್ತಾರೆ, ಆದರೆ ನೀತಿಯನ್ನೂ ಸಮಾಜವಿಮರ್ಶೆಯನ್ನೂ ಹೇಳುವ ವಚನಗಳನ್ನಷ್ಟೆ ಆರಿಸಿಕೊಂಡು, ಐಕ್ಯಸ್ಥಲದ ವಚನಗಳನ್ನು ಅರ್ಥವಾಗದ ಗೂಢವೆಂದೋ ಅತಿಶಯೋಕ್ತಿಯೆಂದೋ ಬದಿಗಿರಿಸುತ್ತಾರೆ. ಈ ಲೇಖಕನು ಈ ಭಾಗದ ಶಾಲೆಗಳಲ್ಲಿ ಮೂವತ್ತಕ್ಕೂ ಮಿಕ್ಕ ವರ್ಷ ಕನ್ನಡ ಕಲಿಸಿದವನು. ಪಠ್ಯಪುಸ್ತಕಗಳಲ್ಲಿ ಬಸವಣ್ಣನವರ ನೀತಿವಚನಗಳು ಮತ್ತೆ ಮತ್ತೆ ಬಂದವು. ಹರದನಹಳ್ಳಿಯಿಂದ ಕೆಲವೇ ಹರದಾರಿ ದೂರದ ಮಕ್ಕಳಿಗೆ ಸಿದ್ಧಲಿಂಗರ ಒಂದು ವಚನವನ್ನಾದರೂ ಪಾಠವಾಗಿ ಹೇಳುವ ಸಂದರ್ಭ ಒದಗಲಿಲ್ಲ. ಪೂಜೆಗೊಂಡ ಯತಿಗಳು ಓದಿಲ್ಲದೆ ಉಳಿದರು. ಇದು ಸಾಹಿತ್ಯಕ್ಕೂ ಭಕ್ತಿಗೂ ಸಮನಾಗಿ ಆದ ನಷ್ಟವೆಂದು ನನ್ನ ಭಾವನೆ.

೨

ಮೊದಲು ಎರಡು ಶಬ್ದಗಳನ್ನು ಬಿಡಿಸಿಕೊಳ್ಳಬೇಕು. ಅನುಭವವೆಂದರೆ ಇಂದ್ರಿಯ ಮನಸ್ಸುಗಳಿಗೆ ಬಂದುದು. ಬಿಸಿಲು ಮಳೆ, ಸುಖ ದುಃಖ ಇವೆಲ್ಲ ಅನುಭವ. ಅನುಭಾವವೆಂಬುದು ಬೇರೆ. ಅನುಭವಿಸುವವನು, ಅನುಭವಿಸಲ್ಪಡುವ ವಸ್ತು ಎಂಬ ಎರಡರ ನಡುವಣ ಗೆರೆಯೇ ಅಳಿದುಹೋದ ನಿಲವಿಗೆ ಶರಣರು ಈ ಹೆಸರನ್ನು ಬಳಸಿದರು. ಲಿಂಗಾಂಗ ಸಾಮರಸ್ಯವೆಂಬ ಶಾಸ್ತ್ರದ ಪರಿಭಾಷೆಯೂ ಇದನ್ನೇ ಸೂಚಿಸುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳು ಈ ನಿಲವಿನೆಡೆಗೆ ಸಾಗುವ ಮೆಟ್ಟಿಲುಗಳೆಂದು ಸಾಮಾನ್ಯವಾಗಿ ಹೇಳುವುದುಂಟು. ಮೆಟ್ಟಿಲೆಂಬ ಹೋಲಿಕೆಯಲ್ಲಿ ಒಂದು ದೋಷವಿದೆ: ಮೆಟ್ಟಿಲನ್ನೇರಿದವನು ಮೇಲೇರಿದ ಮೇಲೆಯೂ ಅವನೇ ಆಗಿರುತ್ತಾನೆ. ಷಟ್‌ಸ್ಥಲದಲ್ಲಿ ಏರುವವನೇ ಮೆಟ್ಟಿಲು ಮೆಟ್ಟಿಲಿಗೂ ಕರಗುತ್ತಾನೆ.

ಈ ಕರಗುವಿಕೆಯನ್ನು ಹೇಳಲು ವಚನ ಸಾಹಿತ್ಯದಲ್ಲಿ ನಾಲ್ಕು ಉಪಮಾನಗಳು ಮುಖ್ಯವಾಗಿ ಬಳಕೆಯಾಗಿವೆ. ನಾಲ್ಕೂ ಒಂದೇ ಅರ್ಥದವೆಂದು ಎಣಿಸಿ ಓದುವುದರಿಂದ ವಿಚಾರದ ಸೂಕ್ಷ್ಮವು ತಪ್ಪಿಹೋಗುತ್ತದೆ.

ಮೊದಲನೆಯದು ಪರುಷ ಮತ್ತು ಕಬ್ಬಿಣ. ಪರುಷವು ಸೋಂಕಿದರೆ ಕಬ್ಬಿಣವು ಹೊನ್ನಾಗುತ್ತದೆ. ಇಲ್ಲಿ ಪ್ರಧಾನವಾದುದು ಗುರುವಿನ ಸ್ಪರ್ಶ. ಶಿಷ್ಯನ ಯತ್ನ ಗೌಣ. ಆದರೆ ಹೊನ್ನಾದ ಕಬ್ಬಿಣವು ಇನ್ನೊಂದು ಕಬ್ಬಿಣವನ್ನು ಹೊನ್ನಾಗಿಸಲಾರದು. ಗುರುವು ಶಿಷ್ಯನನ್ನು ತನ್ನಂತೆಯೇ ಗುರುವನ್ನಾಗಿ ಮಾಡಬಲ್ಲನು. ಆದುದರಿಂದ ಈ ಹೋಲಿಕೆಯು ಅಪೂರ್ಣವೆಂದು ಬಲ್ಲವರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ.

ಎರಡನೆಯದು ಕೀಟ ಮತ್ತು ಭ್ರಮರ. ಹುಳುವು ಭ್ರಮರವನ್ನೇ ನೆನೆನೆನೆದು ತಾನೇ ಭ್ರಮರವಾಗುತ್ತದೆ. ಇಲ್ಲಿ ಪ್ರಧಾನವಾದುದು ಸಾಧಕನ ಏಕಚಿತ್ತತೆ. ಆದರೆ ಭ್ರಮರವಾದ ಮೇಲೆ ಎರಡು ಭ್ರಮರಗಳು ಉಳಿಯುತ್ತವೆ, ಒಂದಾಗುವುದಿಲ್ಲ. ಇದು ಸಾರೂಪ್ಯವೇ ಹೊರತು ಸಾಮರಸ್ಯವಲ್ಲ.

ಮೂರನೆಯದು ಆಲಿಕಲ್ಲು ಮತ್ತು ನೀರು. ಆಲಿಕಲ್ಲು ಕರಗಿ ನೀರಾಗುವಾಗ ಹೊಸದೇನೂ ಆಗುವುದಿಲ್ಲ. ಅದು ಮೊದಲೇ ನೀರು. ನಡುವೆ ಬಂದ ಗಟ್ಟಿತನ ಹೋಯಿತು, ಅಷ್ಟೆ. ಜೀವನು ಶಿವನಾಗುವನೆಂಬುದಕ್ಕೆ ಇಲ್ಲಿ ಬೇರೆಯೇ ಅರ್ಥ ಬರುತ್ತದೆ. ಆಗುವುದೆಂದರೆ ಮೊದಲು ಇದ್ದುದಕ್ಕೆ ಮರಳುವುದು.

ನಾಲ್ಕನೆಯದು ಕರ್ಪೂರ ಮತ್ತು ಉರಿ. ಕರ್ಪೂರವನ್ನು ಉರಿಯು ಉಂಡಾಗ ಕರ್ಪೂರವು ಬೂದಿಯಾಗಿಯೂ ಉಳಿಯುವುದಿಲ್ಲ. ಅದು ತೀರಿದೊಡನೆ ಉರಿಯೂ ಇಲ್ಲ. ದೇವರಾದವನೂ ಇಲ್ಲ, ದೇವರೆಂದು ಬೇರೆ ನಿಂತುದೂ ಇಲ್ಲ. ಮೊದಲ ಮೂರು ಹೋಲಿಕೆಗಳಲ್ಲಿ ಏನಾದರೊಂದು ಉಳಿಯಿತು: ಹೊನ್ನು, ಭ್ರಮರ, ನೀರು. ನಾಲ್ಕನೆಯದರಲ್ಲಿ ತೋರಿಸಲು ಏನೂ ಇಲ್ಲ. ಐಕ್ಯವನ್ನು ಹೇಳುವಾಗ ಶರಣರು ಹೆಚ್ಚಾಗಿ ಈ ಹೋಲಿಕೆಯನ್ನೇ ಆಶ್ರಯಿಸಿದುದು ಸಕಾರಣವಾಗಿದೆ. ಶಿವನಾದವನು ತಾನು ಶಿವನಾದೆನೆಂದು ಹೇಳಿಕೊಳ್ಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ.

೩

ಹಾಗಾದರೆ ಐಕ್ಯಸ್ಥಲದ ವಚನವನ್ನು ನುಡಿದವರು ಯಾರು? ಇದು ಕುಚೋದ್ಯದ ಪ್ರಶ್ನೆಯಲ್ಲ. ವಚನವೆಂಬ ಪ್ರಕಾರದ ಮೂಲಕ್ಕೆ ಹೋಗುವ ಪ್ರಶ್ನೆ. ಇದಕ್ಕೆ ಉತ್ತರವನ್ನು ತೋಂಟದ ಸಿದ್ಧಲಿಂಗರ ‘ಷಟ್‌ಸ್ಥಲ ಜ್ಞಾನಸಾರಾಮೃತ’ದಲ್ಲಿ ಹುಡುಕಬಹುದು.

ಸಿದ್ಧಲಿಂಗರ ಕಾಲವು ೧೫ನೆಯ ಶತಮಾನದ ಉತ್ತರಾರ್ಧಕ್ಕೆ ಹೊಂದಿಕೊಂಡಂತಿದೆ. ಹರದನಹಳ್ಳಿಯಿಂದ ಹೊರಟು ದೇಶಸಂಚಾರ ಮಾಡಿ, ಕಗ್ಗೆರೆಯಲ್ಲಿ ಭಕ್ತನೊಬ್ಬನ ತೋಟದಲ್ಲಿ ತಪಸ್ಸಿಗೆ ಕುಳಿತು, ತೋಂಟದ ಎಂಬ ವಿಶೇಷಣವನ್ನು ಪಡೆದು, ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಯನ್ನು ಹೊಂದಿದರು. ಏಳುನೂರು ವಿರಕ್ತರು ಅವರ ಸಂಗಡ ಇದ್ದರೆಂದು ಸಂಪ್ರದಾಯವು ಹೇಳುತ್ತದೆ. ‘ಶೂನ್ಯಸಂಪಾದನೆ’ಯ ನಾಲ್ಕು ಪರಿಷ್ಕರಣಗಳಲ್ಲಿ ಕಡೆಯವೆರಡನ್ನು ಮಾಡಿದ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳೂ ಗೂಳೂರು ಸಿದ್ಧವೀರಣ್ಣೊಡೆಯರೂ ಅವರ ಶಿಷ್ಯಪರಂಪರೆಗೆ ಸೇರಿದವರು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಇಂದು ನಮ್ಮ ಕೈಯಲ್ಲಿರುವುದರ ಹಿಂದೆ ಈ ಪರಂಪರೆಯ ಪಾಲು ದೊಡ್ಡದು.

ಅವರ ವಚನಗಳು ೭೦೧. ಭಕ್ತಸ್ಥಲ ಮೊದಲಾಗಿ ಐಕ್ಯಸ್ಥಲದವರೆಗೆ ಶಾಸ್ತ್ರಕ್ರಮದಲ್ಲಿ ಅವು ಜೋಡಣೆಗೊಂಡಿವೆ. ಇವುಗಳ ಸಾಹಿತ್ಯಗುಣವನ್ನು ಕುರಿತು ನಿರ್ದಾಕ್ಷಿಣ್ಯವಾಗಿ ಹೇಳುವುದೇ ಒಳ್ಳೆಯದು. ಬಸವಣ್ಣನವರ ಮಾತಿನ ಬಿಸಿ ಇಲ್ಲಿ ಇಲ್ಲ. ಪ್ರಭುದೇವರ ಮಿಂಚಿನಂತಹ ಬೆಡಗು ಅಪರೂಪ. ಚಕ್ರ, ಅಕ್ಷರ, ತತ್ತ್ವ, ಅಂಗ, ಲಿಂಗ, ಮುಖ ಇವುಗಳ ಲೆಕ್ಕದಿಂದ ತುಂಬಿದ ವಚನಗಳು ಬಹಳವಿದ್ದು, ಓದುಗನಿಗೆ ಅವು ಶಾಸ್ತ್ರದ ಕೋಷ್ಟಕಗಳಂತೆ ತೋರುತ್ತವೆ. ಆದರೆ ಈ ಲೆಕ್ಕಾಚಾರದ ನಡುನಡುವೆ ಗಣಿತವು ನಿಂತು ಕಂಠವು ಕೇಳಿಸುವ ವಚನಗಳಿವೆ. ನುಡಿಯು ತನ್ನ ಮಿತಿಯನ್ನು ತಾನೇ ಅರಿತು ಹಿಂದೆ ಸರಿಯುವ ಆ ವಚನಗಳಿಗಾಗಿಯೇ ಈ ಗ್ರಂಥವನ್ನು ಆದ್ಯಂತವಾಗಿ ಓದಬೇಕು. ಶಾಸ್ತ್ರದ ಭಾರವನ್ನು ಹೊತ್ತು ಬಂದವನಿಗೆ ಮಾತ್ರ ಅದನ್ನು ಇಳಿಸಿದಾಗಿನ ಹಗುರ ತಿಳಿಯುತ್ತದೆ.

ಇನ್ನು ಅಂಕಿತದ ವಿಚಾರ. ಸಿದ್ಧಲಿಂಗರ ಅಂಕಿತವು ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭುವೇ’ ಎಂಬುದು. ಇದನ್ನು ನಾವು ಕವಿಮುದ್ರಿಕೆಯೆಂದು ಗುರುತಿಸಿ ಮುಂದೆ ಹೋಗುತ್ತೇವೆ. ಇದರ ವ್ಯಾಕರಣವನ್ನು ಗಮನಿಸಿದರೆ ಎರಡು ಸಂಗತಿಗಳು ಹೊಳೆಯುತ್ತವೆ. ಒಂದು, ಇದು ಸಂಬೋಧನೆ, ಕರೆಯುವ ಮಾತು. ನಾನು ನೀನೆಂಬುದಿಲ್ಲ, ಪೂಜಿಸುವವನೂ ಪೂಜೆಗೊಳ್ಳುವವನೂ ಇಲ್ಲ ಎಂದು ವಚನವು ಸಾರುತ್ತದೆ, ಸಾರಿ ಮುಗಿಸುವಾಗ ‘ಪ್ರಭುವೇ’ ಎಂದು ಕರೆಯುತ್ತದೆ. ಎರಡಿಲ್ಲವೆಂದು ಹೇಳಿದ ಬಾಯಿಯೇ ಎರಡನೆಯವನನ್ನು ಕರೆಯುವುದು ಮೇಲುನೋಟಕ್ಕೆ ವಿರೋಧಾಭಾಸವಾಗಿ ಕಂಡೀತು. ಎರಡು, ಕರೆಸಿಕೊಳ್ಳುವ ಹೆಸರಿನಲ್ಲಿ ಕರೆಯುವವರ ಹೆಸರಿನ ಛಾಯೆಯಿದೆ. ಸಿದ್ಧಲಿಂಗರು ಶಿವಸಿದ್ಧೇಶ್ವರನನ್ನು ಕರೆಯುತ್ತಾರೆ. ಗುರುವೂ ಲಿಂಗವೂ ತಾವೂ ಆ ಒಂದು ಹೆಸರಿನಲ್ಲಿ ಕೂಡಿಬಂದಿದ್ದಾರೆ. ಹೆಸರಿನಲ್ಲಿ ಎರಡಿಲ್ಲ, ಕರೆಯುವಲ್ಲಿ ಎರಡುಂಟು.

ವಚನಪ್ರಕಾರದ ಮರ್ಮವು ಇಲ್ಲಿದೆಯೆಂದು ನನಗೆ ತೋರುತ್ತದೆ. ಐಕ್ಯವನ್ನು ಕುರಿತ ಎಷ್ಟೇ ಧೀರವಾದ ನುಡಿಯೂ ಕೊನೆಗೆ ಸಂಬೋಧನೆಯಲ್ಲಿ ಬಂದು ನಿಲ್ಲುವುದರಿಂದ, ಅದು ಘೋಷಣೆಯಾಗದೆ ನಿವೇದನೆಯಾಗುತ್ತದೆ. ತಾನು ದೇವರಾದೆನೆಂದು ಜನರ ಮುಂದೆ ಸಾರುವುದು ಒಂದು. ನಿನ್ನಲ್ಲಿ ನಾನಿಲ್ಲವಾದೆನೆಂದು ಅವನಿಗೇ ಹೇಳುವುದು ಇನ್ನೊಂದು. ಮೊದಲನೆಯದರಲ್ಲಿ ‘ನಾನು’ ಬೆಳೆಯುತ್ತದೆ, ಎರಡನೆಯದರಲ್ಲಿ ಕರಗುತ್ತದೆ. ಪ್ರಭುದೇವರ ಗುಹೇಶ್ವರ ಅಂಕಿತವು ಎಷ್ಟೋ ಕಡೆ ಸಂಬೋಧನೆಯಾಗದೆ ವಾಕ್ಯದೊಳಗೆ ಬೆರೆತುಬರುವುದನ್ನು ಬಲ್ಲೆ. ಆದರೆ ಅಲ್ಲಿಯೂ ಅವರ ನುಡಿ ಬಸವಣ್ಣನವರನ್ನೋ ಚೆನ್ನಬಸವಣ್ಣನವರನ್ನೋ ಕುರಿತದ್ದಾಗಿರುತ್ತದೆ. ಎದುರಿಗೆ ಒಬ್ಬರಿಲ್ಲದೆ ವಚನವು ಹುಟ್ಟುವುದು ಕಡಿಮೆ.

೪

ಈ ಎಚ್ಚರವು ಶರಣರಿಗೆ ಮೊದಲಿನಿಂದಲೂ ಇತ್ತು. ‘ಸೋಹಂ’ ಎಂಬುದು ಜ್ಞಾನಿಯ ಮಾತು. ಅವನೇ ನಾನು ಎಂದು ಅದರ ಅರ್ಥ. ತನ್ನಿಂದ ಆ ಮಾತನ್ನು ಹೇಳಿಸಬೇಡವೆಂದೂ ‘ದಾಸೋಹಂ’ ಎಂದೇ ಹೇಳಿಸೆಂದೂ ಬಸವಣ್ಣನವರು ಸಂಗಮದೇವನನ್ನು ಬೇಡಿಕೊಂಡರು. ನಿಜದಲ್ಲಿ ಅವನೇ ನಾನಾಗಿದ್ದರೂ ಹಾಗೆಂದು ಹೇಳುವ ನಾಲಗೆಯಲ್ಲಿ ಅಹಂಕಾರವು ಅಡಗಿರಬಹುದೆಂಬುದು ಅವರ ಶಂಕೆ. ದಾಸೋಹದಲ್ಲಿ ಆ ಭಯವಿಲ್ಲ, ಏಕೆಂದರೆ ಅಲ್ಲಿ ಬಾಯಿಗಿಂತ ಕೈಗೆ ಕೆಲಸ ಹೆಚ್ಚು.

ಅನ್ಯದೇಶಗಳ ಅನುಭಾವಿಗಳ ಚರಿತ್ರೆಯನ್ನು ನೋಡಿದರೆ ಈ ಎಚ್ಚರದ ಬೆಲೆ ತಿಳಿಯುತ್ತದೆ. ಸೂಫಿ ಸಂತ ಮನ್ಸೂರ್ ಹಲ್ಲಾಜರು ತಾವೇ ಪರಮಸತ್ಯವೆಂದು ನುಡಿದರೆಂಬುದು ಪ್ರಸಿದ್ಧವಾಗಿದೆ, ಕ್ರಿ.ಶ. ೯೨೨ರಲ್ಲಿ ಬಾಗ್ದಾದಿನಲ್ಲಿ ಅವರಿಗೆ ಮರಣದಂಡನೆಯಾಯಿತು. ಜರ್ಮನಿಯ ಮೈಸ್ಟರ್ ಎಕ್‌ಹಾರ್ಟರು ಆತ್ಮವು ದೇವರಲ್ಲಿ ಒಂದಾಗುವುದನ್ನು ಬೋಧಿಸಿದುದಕ್ಕಾಗಿ, ಅವರು ತೀರಿಕೊಂಡ ಮೇಲೆ, ೧೩೨೯ರಲ್ಲಿ ಪೋಪರು ಅವರ ಹಲವು ವಾಕ್ಯಗಳನ್ನು ಖಂಡಿಸಿ ಆಜ್ಞೆ ಹೊರಡಿಸಿದರು. ಆ ಮಹಾತ್ಮರ ನುಡಿಯಲ್ಲಿ ಅಹಂಕಾರವಿತ್ತೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಅವರ ಧರ್ಮದಲ್ಲಿ ಸೃಷ್ಟಿಕರ್ತನಿಗೂ ಸೃಷ್ಟಿಗೂ ದಾಟಲಾಗದ ಅಂತರವಿದ್ದುದರಿಂದ ಆ ನುಡಿ ಅಪರಾಧವಾಗಿ ಕಂಡಿತು. ನಮ್ಮಲ್ಲಿ ಹಾಗೆ ಹೇಳುವುದಕ್ಕೆ ದಂಡನೆಯಿರಲಿಲ್ಲ. ದಂಡನೆಯಿಲ್ಲದ ಕಡೆ ಬೇರೊಂದು ಅಪಾಯವುಂಟು: ಯಾರು ಬೇಕಾದರೂ ಹೇಳಿಕೊಳ್ಳಬಹುದು. ಈ ಅಪಾಯಕ್ಕೆ ಶರಣರು ಕಟ್ಟಿದ ಒಡ್ಡು ಯಾವ ಆಜ್ಞೆಯೂ ಅಲ್ಲ. ದಾಸೋಹವೆಂಬ ಆಚಾರ ಮತ್ತು ಸಂಬೋಧನೆಯೆಂಬ ನುಡಿಯ ರೀತಿ.

ಗುರುದೇವ ರಾ. ದ. ರಾನಡೆಯವರು (೧೮೮೬–೧೯೫೭) ಕನ್ನಡದ ಅನುಭಾವಿಗಳನ್ನು ಜಗತ್ತಿನ ಅನುಭಾವಿಗಳೊಡನೆ ಹೋಲಿಸಿ ಬೆಲೆಯುಳ್ಳ ವಿವೇಚನೆ ನಡೆಸಿದರು. ಬೆಳಕು, ಬಣ್ಣ, ನಾದ, ರೂಪಗಳ ದರ್ಶನವನ್ನು ಅವರು ಅನುಭಾವದ ಮುಖ್ಯ ಕುರುಹುಗಳಾಗಿ ಪರಿಗಣಿಸಿದರು. ಸಿದ್ಧಲಿಂಗರ ವಚನಗಳಲ್ಲಿಯೂ ಜ್ಯೋತಿಯಿದೆ, ನಾದವಿದೆ. ಆದರೆ ಅವು ದಾರಿಯಲ್ಲಿ ಸಿಗುವ ಊರುಗಳೇ ಹೊರತು ತಲಪುವ ನೆಲೆಯಲ್ಲ. ಬೆಳಕನ್ನು ಕಂಡೆನೆಂಬಲ್ಲಿ ಕಂಡವನೊಬ್ಬನು ಇನ್ನೂ ಉಳಿದಿದ್ದಾನೆ. ಅವನೂ ಇಲ್ಲವಾದ ಮೇಲಿನ ಮಾತನ್ನೇ ಐಕ್ಯಸ್ಥಲವು ಆಡಲೆಳಸುತ್ತದೆ. ಈ ಒಂದು ಅಂಶದಲ್ಲಿ ಷಟ್‌ಸ್ಥಲದ ದೃಷ್ಟಿಯು ರಾನಡೆಯವರ ದೃಷ್ಟಿಗಿಂತ ಒಂದು ಹೆಜ್ಜೆ ಮುಂದಿದೆಯೆಂದು ವಿನಯದಿಂದ ಸೂಚಿಸಬಯಸುತ್ತೇನೆ.

೫

ಸಿದ್ಧಲಿಂಗರ ಹುಟ್ಟೂರಿನಿಂದ ಬಹಳ ದೂರವಲ್ಲದ ಶಂಭುಲಿಂಗನ ಬೆಟ್ಟಕ್ಕೆ ಬಂದರೆ ನುಡಿಯ ರೀತಿ ಬದಲಾಗುತ್ತದೆ. ನಿಜಗುಣ ಶಿವಯೋಗಿಗಳು ಆ ಸೀಮೆಯ ಒಡೆಯರಾಗಿದ್ದು, ವೈರಾಗ್ಯ ಹೊಂದಿ, ರಾಜ್ಯವನ್ನು ಬಿಟ್ಟು ಬೆಟ್ಟವನ್ನೇರಿದರೆಂದು ಪರಂಪರೆಯು ಹೇಳುತ್ತದೆ. ‘ಕೈವಲ್ಯಪದ್ಧತಿ’, ‘ಪರಮಾನುಭವಬೋಧೆ’, ‘ಪರಮಾರ್ಥಗೀತೆ’, ‘ವಿವೇಕಚಿಂತಾಮಣಿ’ ಮೊದಲಾದ ಅವರ ಕೃತಿಗಳಲ್ಲಿ ತ್ರಿಪದಿಯಲ್ಲಿರುವ ‘ಅನುಭವಸಾರ’ವು ಪ್ರಸ್ತುತ ವಿಷಯಕ್ಕೆ ಹತ್ತಿರವಾದುದು. ವೀರಶೈವದ ಆಚಾರವನ್ನೂ ವೇದಾಂತದ ಅದ್ವೈತವಿಚಾರವನ್ನೂ ಒಂದೇ ಎರಕದಲ್ಲಿ ಹೊಯ್ದ ಪ್ರತಿಭೆ ಅವರದು.

ಸಿದ್ಧಲಿಂಗರು ದೇವರನ್ನು ಕುರಿತು ನುಡಿದರೆ ನಿಜಗುಣರು ಶಿಷ್ಯನನ್ನೋ ತಮ್ಮ ಮನಸ್ಸನ್ನೋ ಕುರಿತು ನುಡಿಯುತ್ತಾರೆ. ತಿಳಿ, ನೋಡು, ವಿಚಾರಿಸು, ನೀನು ಯಾರೆಂಬುದನ್ನು ಅರಿ ಎಂಬ ವಿಧಿರೂಪವು ಅವರಿಗೆ ಸಹಜವಾದುದು. ನೀನೇ ಅದು ಎಂದು ಗುರುವು ಶಿಷ್ಯನಿಗೆ ಹೇಳಬಲ್ಲನು. ಶಿಷ್ಯನು ತನ್ನಷ್ಟಕ್ಕೆ ನಾನೇ ಅದು ಎಂದು ಊರಿಗೆ ಸಾರುವುದು ಆ ಸಂಪ್ರದಾಯದಲ್ಲಿಯೂ ಸಲ್ಲದು. ದೈವತ್ವವು ಇಲ್ಲಿ ಮಧ್ಯಮ ಪುರುಷದಲ್ಲಿ ಬರುತ್ತದೆ, ಉತ್ತಮ ಪುರುಷದಲ್ಲಿ ಬರುವುದಿಲ್ಲ.

ಇದರ ಸಂಗಡ ‘ಸುಬೋಧಸಾರ’ವನ್ನು ರಚಿಸಿದ ಮುಪ್ಪಿನ ಷಡಕ್ಷರಿಯವರನ್ನು ನೆನೆಯಬೇಕು. ಊರ ಹೊರಗೆ ಮಲಗಿದ ತಿರುಕನು ಅರಸನಾದಂತೆ ಕನಸು ಕಂಡ ಅವರ ಹಾಡನ್ನು ಶಾಲೆಯಲ್ಲಿ ಕಲಿಯದ ಕನ್ನಡಿಗರು ವಿರಳ. ಅದನ್ನು ನಾವು ಸಂಸಾರದ ಅನಿತ್ಯತೆಯನ್ನು ಹೇಳುವ ನೀತಿಗೀತೆಯೆಂದು ಪಾಠ ಮಾಡಿದ್ದೇವೆ. ಆ ಅರ್ಥ ಸರಿಯಾದುದೇ. ಆದರೆ ವೇದಾಂತದಲ್ಲಿ ಪ್ರಸಿದ್ಧವಾದ ದೃಷ್ಟಾಂತದ ದಿಕ್ಕು ಬೇರೆ: ಅಲ್ಲಿ ಅರಸುಮಗನು ತನ್ನನ್ನು ಮರೆತು ಬೇಡನೆಂದೆಣಿಸಿ ಬಾಳುತ್ತಾನೆ, ಅರಿವಾದಾಗ ತಾನು ಅರಸನೆಂದು ತಿಳಿಯುತ್ತಾನೆ. ಷಡಕ್ಷರಿಯವರ ತಿರುಕನು ಎಚ್ಚರವಾದಾಗ ತಿರುಕನೇ. ಅನುಭಾವದ ಮಾರ್ಗದಲ್ಲಿರುವವರಿಗೆ ಈ ಹಾಡಿನಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆಯೆಂದು ನಾನು ಓದುತ್ತೇನೆ. ತಾನು ದೊಡ್ಡವನಾದೆನೆಂಬ ಭಾವವು ಯಾವ ರೂಪದಲ್ಲಿ ಬಂದರೂ, ದೇವರಾದೆನೆಂಬ ರೂಪದಲ್ಲಿ ಬಂದರೂ, ಅದು ತಿರುಕನ ಕನಸಾಗಿರಬಹುದು. ಅರಸನಾಗಿದ್ದವರು ಬೆಟ್ಟವೇರಿ ತಿರುಕರಾದ ಕಥೆಯನ್ನೂ ತಿರುಕನು ಅರಸನಾದ ಕನಸನ್ನೂ ಒಟ್ಟಿಗೆ ಇಟ್ಟು ನೋಡುವುದು ಬೋಧಪ್ರದವಾಗಿದೆ.

೬

ಇಷ್ಟು ಸೂಕ್ಷ್ಮವಾದ ವಿಚಾರವು ಪುರಾಣಕಾವ್ಯಗಳಿಗೆ ಬಂದಾಗ ಏನಾಯಿತು? ವಿರಕ್ತ ತೋಂಟದಾರ್ಯರು ‘ಸಿದ್ಧೇಶ್ವರಪುರಾಣ’ದಲ್ಲಿ ಸಿದ್ಧಲಿಂಗರ ಚರಿತ್ರೆಯನ್ನು ಹಾಡಿದರು. ನಮ್ಮ ಪುರಾಣಗಳ ಸಾಮಾನ್ಯ ಪದ್ಧತಿಯಂತೆ ಶಿವನೋ ಶಿವಗಣವೋ ಲೋಕೋದ್ಧಾರಕ್ಕಾಗಿ ಧರೆಗಿಳಿದು ಮಹಾಪುರುಷನಾಗಿ ಬರುವುದು ಕಥೆಯ ಚೌಕಟ್ಟು. ಈ ಚೌಕಟ್ಟಿನಲ್ಲಿ ಭಕ್ತಿಗೆ ಪುಷ್ಟಿಯುಂಟು. ಆದರೆ ಒಂದು ಬೆಲೆಯನ್ನೂ ತೆರಬೇಕಾಗುತ್ತದೆ. ಮೊದಲೇ ಶಿವನಾಗಿದ್ದವನು ಶಿವನಾದರೆ ಅದರಲ್ಲಿ ಮಾನವನ ಸಾಧನೆ ಏನುಳಿಯಿತು? ಕಗ್ಗೆರೆಯ ತೋಟದಲ್ಲಿ ಕುಳಿತ ತಪಸ್ಸು ಲೀಲೆಯಾಗಿಬಿಡುತ್ತದೆ. ಷಟ್‌ಸ್ಥಲವು ಏರುವ ಮಾರ್ಗ, ಅವತಾರವು ಇಳಿಯುವ ಮಾರ್ಗ. ಪುರಾಣವು ಇಳಿತವನ್ನು ಹೇಳಿ ಏರಿಕೆಯನ್ನು ಮರೆಸುತ್ತದೆ.

ಕನ್ನಡ ಸಾಹಿತ್ಯದಲ್ಲಿ ಈ ಭೇದವನ್ನು ಅರಿಯಲು ಪ್ರಭುದೇವರ ಚರಿತ್ರೆಯೇ ಉತ್ತಮ ನಿದರ್ಶನ. ಹರಿಹರನ ರಗಳೆಯಲ್ಲಿ ಕಥೆಯು ಕೈಲಾಸದಿಂದಲೇ ಆರಂಭವಾದರೂ ಭೂಮಿಗೆ ಬಂದ ಅಲ್ಲಮನು ಸಂಪೂರ್ಣ ಮಾನವನು. ಕಾಮಲತೆಯನ್ನು ಪ್ರೀತಿಸುತ್ತಾನೆ, ಅವಳ ಮರಣದಿಂದ ಮರುಳನಂತಾಗುತ್ತಾನೆ, ನೆಲವನ್ನು ಕೆದಕುತ್ತ ಕುಳಿತಾಗ ಹೂತುಹೋದ ಗುಡಿಯ ಕಳಸವನ್ನು ಕಾಣುತ್ತಾನೆ, ಒಳಹೊಕ್ಕು ಅನಿಮಿಷಯ್ಯನಿಂದ ಲಿಂಗವನ್ನು ಪಡೆಯುತ್ತಾನೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನನ್ನು ಮಾಯೆಯು ಮುಟ್ಟಲಾರದೆ ಸೋಲುತ್ತಾಳೆ, ಅವನು ಎಂದೂ ಮಾನವನಾಗಿರಲಿಲ್ಲ. ಚಾಮರಸನ ಕಾವ್ಯದ ಹಿರಿಮೆಯನ್ನು ಒಪ್ಪಿಯೂ, ನರನು ಹರನಾಗುವ ಪ್ರಶ್ನೆಗೆ ಹರಿಹರನ ಅಲ್ಲಮನೇ ಹೆಚ್ಚು ಸಮೀಪನೆಂದು ಹೇಳಬೇಕಾಗಿದೆ. ದುಃಖದಿಂದ ನೆಲ ಕೆದಕಿದ ಕೈಗೆ ದೊರೆತ ಲಿಂಗವು ನಮ್ಮಂತಹವರಿಗೂ ಭರವಸೆಯನ್ನು ಕೊಡುತ್ತದೆ.

೭

ಅವತಾರದ ಚೌಕಟ್ಟು ಜನಪದ ಕಾವ್ಯಗಳಲ್ಲಿಯೂ ಇದೆ. ಮಾದೇಶ್ವರರೂ ಮಂಟೇಸ್ವಾಮಿಗಳೂ ಮಹಿಮಾವಂತರಾಗಿಯೇ ಬರುತ್ತಾರೆ. ಆದರೆ ಹಾಡುಗಾರರು ಆ ಮಹಿಮೆಯನ್ನು ದುಡಿಮೆಯಿಂದಲೂ ಅವಮಾನದಿಂದಲೂ ಒರೆಗೆ ಹಚ್ಚದೆ ಬಿಡುವುದಿಲ್ಲ. ಮಾದೇಶ್ವರರು ಸುತ್ತೂರು ಮಠಕ್ಕೆ ಬಂದಾಗ ಅವರ ಪಾಲಿಗೆ ಬಂದುದು ರಾಗಿ ಬೀಸುವ ಕೆಲಸ. ದೇವರಗುಡ್ಡರು ಈ ಪ್ರಸಂಗವನ್ನು ಹಾಡುವಾಗ ಕೇಳುವವರಲ್ಲಿ ದಿನವೂ ರಾಗಿ ಬೀಸಿದ ಹೆಣ್ಣುಮಕ್ಕಳು ತಲೆತಲಾಂತರದಿಂದ ಇದ್ದರೆಂಬುದನ್ನು ಮರೆಯಬಾರದು. ತಮ್ಮ ದೇವರು ತಮ್ಮ ಕೆಲಸವನ್ನು ಮಾಡಿದವನೆಂಬ ನಂಬಿಕೆ ಅವರದು. ಕಾಯಕವೆಂಬ ತತ್ತ್ವವನ್ನು ಗ್ರಂಥಗಳಿಂದ ಅರಿಯದವರಿಗೆ ಬೀಸುವ ಕಲ್ಲು ಅದನ್ನು ತಿಳಿಸಿತು.

ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣಕ್ಕೆ ಬರುವ ಪರಂಜ್ಯೋತಿಯು ಹೇಸಿಗೆ ಹುಟ್ಟಿಸುವ ರೂಪವನ್ನು ತಾಳಿ ಬರುತ್ತದೆ. ವಿಭೂತಿ ರುದ್ರಾಕ್ಷಿಗಳನ್ನು ಧರಿಸಿದ ಸಹಸ್ರಾರು ಜಂಗಮರು ಮೂಗು ಮುಚ್ಚಿಕೊಳ್ಳುತ್ತಾರೆ. ನೀಲಗಾರರು ಈ ಸ್ವಾಮಿಯನ್ನು ಅಲ್ಲಮಪ್ರಭುವೆಂದೇ ಭಾವಿಸುವುದು ಗಮನಾರ್ಹ. ನಮ್ಮ ಮಠಗಳ ವಿದ್ವಾಂಸರು ಈ ಭಾಗವನ್ನು ಓದಿ ನೊಂದುಕೊಂಡುದುಂಟು. ನೋಯುವುದಕ್ಕಿಂತ ಆತ್ಮಪರೀಕ್ಷೆ ಮಾಡಿಕೊಳ್ಳುವುದು ಲೇಸು. ದೈವತ್ವವನ್ನು ವೇಷದಿಂದ ಗುರುತಿಸುವವರು ಅದು ವೇಷವಿಲ್ಲದೆ ಬಂದಾಗ ಗುರುತಿಸಲಾರರೆಂಬುದು ಆ ಹಾಡಿನ ತಾತ್ಪರ್ಯ. ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ತಾತ್ಪರ್ಯವೂ ಇದಕ್ಕೆ ದೂರವಲ್ಲ.

ಮನುಷ್ಯನು ದೇವರಾದ ಕಥೆಗಳಲ್ಲೆಲ್ಲ ಸಿದ್ಧಪ್ಪಾಜಿಯದು ಹೃದಯಸ್ಪರ್ಶಿಯಾದುದು. ಅವನು ಕಬ್ಬಿಣದ ಕೆಲಸದವರ ಮನೆಯ ಮಗ ಕೆಂಪಾಚಾರಿ. ಮಂಟೇಸ್ವಾಮಿಗಳು ಅವನನ್ನು ಶಿಷ್ಯನಾಗಿ ಬೇಡಿ ಪಡೆದು, ಬಹುವಿಧವಾಗಿ ಬಳಲಿಸಿ, ಕೊನೆಗೆ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ತರಲು ಕಳುಹಿಸುತ್ತಾರೆ. ಅಲ್ಲಿ ತನ್ನ ಕುಲದವರೇ ಒಡ್ಡಿದ ಕಠಿಣ ಪರೀಕ್ಷೆಗಳನ್ನು ಅವನು ಗೆಲ್ಲುತ್ತಾನೆ. ಪರುಷವು ಸೋಂಕಿ ಕಬ್ಬಿಣವು ಹೊನ್ನಾಗುವ ಶಾಸ್ತ್ರದ ಹೋಲಿಕೆಯನ್ನು ಇದರೊಡನೆ ಇಟ್ಟು ನೋಡಬೇಕು. ಹಾಡುಗಾರನ ಕಥೆಯಲ್ಲಿ ಪರುಷವಿಲ್ಲ, ಕುಲುಮೆಯಿದೆ. ಕಬ್ಬಿಣವು ಕಾಯ್ದು, ಪೆಟ್ಟು ತಿಂದು, ಕಬ್ಬಿಣವಾಗಿಯೇ ಪೂಜ್ಯವಾಗುತ್ತದೆ. ಶಾಸ್ತ್ರವು ಹೇಳದೆ ಬಿಟ್ಟ ಒಂದು ಮಾತನ್ನು ಜನಪದರು ಇಲ್ಲಿ ಹೇಳಿದರೆಂದರೆ ಶಾಸ್ತ್ರಕ್ಕೆ ಕುಂದಿಲ್ಲ.

ಈ ಹಾಡುಗಳಲ್ಲಿ ದೇವರೆಂದು ಕರೆಯುವವರು ಯಾರು? ಗುಂಡ್ಲುಪೇಟೆಯ ಕಡೆಯ ಒಕ್ಕಲುಗಳೂ ಮಲೆಯ ಸೋಲಿಗರೂ ಕುರಿಗಾಹಿಗಳೂ ಮಾದಪ್ಪನೆಂದು ಕರೆಯುತ್ತಾರೆ. ಮಲೆಗೆ ಬಂದ ತಪಸ್ವಿಗೆ ಆ ಹೆಸರನ್ನು ಕೊಟ್ಟವರು ಅವನಿಂದ ಉಪಕೃತರಾದ ಜನ. ಸಿದ್ಧಲಿಂಗರಲ್ಲಿ ಭಕ್ತನು ದೇವರನ್ನು ಕರೆದನು. ನಿಜಗುಣರಲ್ಲಿ ಗುರುವು ಶಿಷ್ಯನನ್ನು ಕರೆದನು. ಇಲ್ಲಿ ಊರೇ ಒಬ್ಬನನ್ನು ಕರೆಯಿತು. ಮೂರರಲ್ಲಿಯೂ ‘ನಾನು ದೇವರು’ ಎಂಬ ವಾಕ್ಯಕ್ಕೆ ಎಡೆಯಿಲ್ಲ. ಶಾಸ್ತ್ರವೂ ಹಾಡೂ ಬೇರೆ ಬೇರೆ ದಾರಿಗಳಿಂದ ಬಂದು ಈ ಒಂದು ನೆಲೆಯಲ್ಲಿ ಕೂಡುತ್ತವೆ.

೮

ಈ ವಿಚಾರವು ಗ್ರಂಥಗಳಲ್ಲಿಯೇ ಮುಗಿಯುವಂತಹುದಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದಾಗ ನಾಡು ಅವರನ್ನು ನಡೆದಾಡುವ ದೇವರೆಂದು ನೆನೆಯಿತು. ಆ ಹೆಸರು ಯಾವ ಪವಾಡದಿಂದಲೂ ಬಂದುದಲ್ಲ. ಸಹಸ್ರಾರು ಮಕ್ಕಳಿಗೆ ದಶಕಗಳ ಕಾಲ ದಿನವೂ ಅನ್ನವನ್ನೂ ಅಕ್ಷರವನ್ನೂ ನೀಡಿದ ದಾಸೋಹದಿಂದ ಬಂದುದು. ಜನರು ದೇವರೆಂದರು, ಸ್ವಾಮಿಗಳು ದಾಸೋಹ ಮಾಡಿದರು. ಬಸವಣ್ಣನವರು ಬೇಡಿಕೊಂಡುದು ಇದನ್ನೇ ಅಲ್ಲವೆ?

ಆದರೆ ಇಂದು ದೇವಮಾನವರೆಂಬ ಬಿರುದು ಸುಲಭವಾಗಿ ದೊರೆಯುತ್ತಿದೆ. ಕೆಲವರು ತಾವೇ ಕೊಟ್ಟುಕೊಳ್ಳುತ್ತಾರೆ, ಕೆಲವರಿಗೆ ಸುತ್ತಲಿನವರು ತಮ್ಮ ಲಾಭಕ್ಕಾಗಿ ಕೊಡುತ್ತಾರೆ. ಇದನ್ನು ಕಂಡು ವಿಚಾರವಂತರು ಅನುಭಾವವೇ ಸುಳ್ಳೆಂದು ತಳ್ಳಿಹಾಕುವುದು ಒಂದು ತುದಿ. ಭಕ್ತರು ಕೇಳಿದುದನ್ನೆಲ್ಲ ನಂಬುವುದು ಇನ್ನೊಂದು ತುದಿ. ಎರಡಕ್ಕೂ ಮದ್ದು ನಮ್ಮ ಸಾಹಿತ್ಯದಲ್ಲಿಯೇ ಇದೆ. ಒಬ್ಬನು ದೇವರಾದನೆಂದು ಕೇಳಿದಾಗ, ಆ ಮಾತನ್ನು ಆಡಿದವರು ಯಾರು, ಅವರ ಬಾಯಿಂದ ಬರುವ ಮೊದಲು ಅವನ ಕೈ ಏನು ಮಾಡುತ್ತಿತ್ತು ಎಂದು ವಿಚಾರಿಸಬೇಕು. ಈ ಎರಡು ಪ್ರಶ್ನೆಗಳನ್ನು ಕೇಳುವುದು ಅಭಕ್ತಿಯಲ್ಲ. ಷಟ್‌ಸ್ಥಲದ ಭಕ್ತನಿಗೆ ಅದು ಕರ್ತವ್ಯ.

ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಾಗ ವಚನಗಳನ್ನು ಕಾಣಬೇಕಾದರೆ ಓಲೆಗರಿಗಳನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಇಂದು ಸರ್ಕಾರವು ಪ್ರಕಟಿಸಿದ ಸಮಗ್ರ ವಚನಗಳ ೧೫ ಸಂಪುಟಗಳಲ್ಲಿ ಎಲ್ಲವೂ ಕೈಗೆ ಸಿಗುತ್ತವೆ. ನೀತಿಯ ವಚನಗಳನ್ನು ಓದಿದವರು ಐಕ್ಯಸ್ಥಲದವರೆಗೆ ಬರಬೇಕು. ಸಿದ್ಧಲಿಂಗರ ವಚನಗಳ ಶಾಸ್ತ್ರಭಾರಕ್ಕೆ ಹೆದರದೆ, ದಿನಕ್ಕೆ ಒಂದೆರಡನ್ನಾದರೂ, ಅಂಕಿತದ ಸಂಬೋಧನೆಗೆ ಕಿವಿಗೊಟ್ಟು ಓದಬೇಕು.

ಭಕ್ತರಲ್ಲಿಯೂ ಒಂದು ಮಾತು. ಎಡೆಯೂರಿನ ಗದ್ದುಗೆಯ ಮುಂದೆ ನಿಂತು ನಾವು ಸಿದ್ಧಲಿಂಗೇಶ್ವರಾ ಎಂದು ಕೈಮುಗಿಯುತ್ತೇವೆ. ಅವರು ತಮ್ಮ ವಚನಗಳ ಕೊನೆಯಲ್ಲಿ ಶಿವಸಿದ್ಧೇಶ್ವರ ಪ್ರಭುವೇ ಎಂದು ತಮ್ಮ ದೇವರನ್ನು ಕರೆದರು. ಕರೆದು ಕರೆದು ಕರೆಯುವವರು ಕರಗಿದರು. ಅವರು ಕರೆದ ಹೆಸರು ಅವರದೇ ಆಗಿ ಇಂದು ನಮ್ಮ ನಾಲಗೆಯ ಮೇಲಿದೆ. ಜೀವನು ಶಿವನಾಗುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ನಾನು ಬೇರೆ ಕಾಣೆ. ಆ ಹೆಸರನ್ನು ಕರೆಯುವ ನಾವು ಅವರು ನುಡಿದ ೭೦೧ ವಚನಗಳನ್ನೂ ಒಮ್ಮೆ ಓದಿದರೆ ನಮ್ಮ ಪೂಜೆಯು ಸಾರ್ಥಕವಾದೀತು.